ಬೀಗತಿಯ ವಂಶವೃಕ್ಷ

ಗಿರಿಜವ್ವನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದರೆ ನಾನು ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅದನ್ನು ಅವಳೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಾಳೆ. ಒಂದು ಚಳಿಗಾಲದಲ್ಲಿ ಅವಳ ಕರಿಬೇವಿನ ಗಿಡ ಒಣಗಿ ನನ್ನದು ಉಳಿದುಕೊಂಡಾಗ, ನಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಂತು, "ವಸಂತಾ, ನನಗ ಹೊಟ್ಟಿ ಉರ್ಯಾಕತ್ತೈತಿ ನೋಡು. ಒಂದು ನಾಕ್ ಎಲಿ ಕೊಡು, ತಣ್ಣಗಾಗಲಿ" ಅಂದಿದ್ದಳು. ಕೊಟ್ಟೆ, ತಣ್ಣಗಾಯಿತು. ನನ್ನ ಹೊಸ ಕಾರಿಗೂ ಉರಿದುಕೊಂಡಳು, ಅದರಲ್ಲಿ ಕೂತು ಟೊರೊಂಟೊದಲ್ಲಿ ನಮ್ಮ ದೇಶದ ಅಂಗಡಿಗಳಿರುವ ಜೆರಾರ್ಡ್ ಬಜಾರಿಗೆ ಹೋಗಿ ಬಂದ ಮೇಲೆ ಅದೂ ಇಳಿಯಿತು. ಇಳಿಯದೆ ವರ್ಷಗಟ್ಟಲೆ ಒಳಗೇ ಉಳಿದ ಹೊಟ್ಟೆಕಿಚ್ಚು ಒಂದೇ. ಅದು ಅವಳ ಬೀಗತಿ ನೋರಾ ಸ್ಮಿತ್ ಮೇಲಿನದು.

ಗಿರಿಜವ್ವ ನವಲಗುಂದದ ಕಡೆಯವಳು. 1972ರಲ್ಲಿ ಗಂಡ ದಾನಪ್ಪ ಎಲಿಗಾರರ ಹಿಂದೆ ಕೆನಡಾಕ್ಕೆ ಬಂದಳು. ಅವರು ನೀರು ಸರಬರಾಜಿನ ಇಂಜಿನಿಯರು, ಮಾತು ಬಹಳ ಕಡಿಮೆ. ಅವರ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು. ಟೊರೊಂಟೊ ಪಕ್ಕದ ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿದ್ದ ಮದುವೆ ಬಟ್ಟೆಯ ಅಂಗಡಿಯೊಂದರಲ್ಲಿ ಹೊಲಿಗೆಗೆ ಸೇರಿ, ಆ ಊರಿನ ಅರ್ಧದಷ್ಟು ಮದುವಣಗಿತ್ತಿಯರ ಸೊಂಟದ ಅಳತೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಯಾರದು ಮದುವೆಯ ಹಿಂದಿನ ವಾರ ಎಷ್ಟು ಹಿಗ್ಗಿತು ಎಂದು ನನಗೆ ಫೋನಿನಲ್ಲಿ ವರದಿ ಬರುತ್ತಿತ್ತು. ನಮ್ಮ ಮನೆ ಅವಳ ಮನೆಯಿಂದ ಎರಡು ಬೀದಿ ಆಚೆ. ನಾನು ಮೈಸೂರಿನವಳು. ಮೊದಮೊದಲು ಅವಳ ಕನ್ನಡ ನನಗೆ, ನನ್ನ ಕನ್ನಡ ಅವಳಿಗೆ ಸರಿಯಾಗಿ ಹತ್ತದೆ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡೆವು ಎಂದರೆ ನಗಬೇಡಿ.

ಅವಳಿಗೆ ಒಬ್ಬಳೇ ಮಗಳು, ಚಿತ್ರಾ. 1996ರಲ್ಲಿ ದಾನಪ್ಪನವರು ತೀರಿಕೊಂಡರು. ಮರುವರ್ಷ ಚಿತ್ರಾ ತನ್ನ ಆಫೀಸಿನಲ್ಲಿದ್ದ ಬ್ರೆಂಡನ್ ಸ್ಮಿತ್ ಎಂಬ ಹುಡುಗನನ್ನು ಮದುವೆಯಾದಳು. ಗಿರಿಜವ್ವ ರಂಪ ಮಾಡುತ್ತಾಳೆ ಎಂದು ನಾನು ಕಾದದ್ದೇ ಬಂತು. "ಹುಡುಗ ಚಲೋ ಅದಾನ. ಬಣ್ಣ ಒಂದೀಟು ಜಾಸ್ತಿ ಬೆಳ್ಳಗಾತು, ಅಷ್ಟ" ಅಂದು ಸುಮ್ಮನಾದಳು. ಬ್ರೆಂಡನ್‌ನ ತಾಯಿ ನೋರಾ ಪೋರ್ಟ್ ಕ್ರೆಡಿಟ್‌ನಲ್ಲಿದ್ದರು. ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೂ ಒಬ್ಬನೇ ಮಗ, ಅವರ ಗಂಡ ಮಾರ್ಟಿನ್ ಕೂಡ ತೀರಿಹೋಗಿದ್ದರು. ಇಷ್ಟೆಲ್ಲ ಹೊಂದಿಕೆಯಾದ ಮೇಲೆ ಬೀಗತಿಯರಿಬ್ಬರೂ ಗೆಳತಿಯರಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ 1999ರಲ್ಲಿ ಮೊಮ್ಮಗ ಹುಟ್ಟಿದ.

ಗಿರಿಜವ್ವನ ಕಡೆ ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಹೆಸರಿಟ್ಟರೆ ಅಜ್ಜ ಮನೆಗೆ ತಿರುಗಿ ಬಂದ ಹಾಗೆ. ಅವಳ ಗಂಡನ ಮನೆಯಲ್ಲಂತೂ ನಿಜಲಿಂಗಪ್ಪನ ಮಗ ದಾನಪ್ಪ, ದಾನಪ್ಪನ ಮಗ ನಿಜಲಿಂಗಪ್ಪ ಎಂದು ತಲೆತಲಾಂತರದಿಂದ ಎರಡೇ ಹೆಸರಿನಲ್ಲಿ ಸಂಸಾರ ಸಾಗಿತ್ತು. ಗಂಡ ಸತ್ತು ಮೂರು ವರ್ಷಕ್ಕೆ ಗಂಡುಕೂಸು ಹುಟ್ಟಿದಾಗ ಅವಳ ಮನಸ್ಸು ಎಲ್ಲಿಗೆ ಹೋಗಿರಬೇಕು, ಹೇಳಿ. ಆದರೆ ಮಗುವಿಗೆ ಮಾರ್ಟಿನ್ ಎಂದು ಹೆಸರಿಟ್ಟರು. ಅದೂ ತೀರಿಹೋದ ಅಜ್ಜನ ಹೆಸರೇ, ಅಪ್ಪನ ಕಡೆಯ ಅಜ್ಜನದು. ತಪ್ಪು ಹುಡುಕಲು ದಾರಿಯೇ ಇರಲಿಲ್ಲ.

"ಅವರ ಮನಿ ಕೂಸು, ಅವರ ಹಿರೀಕರ ಹೆಸರು. ನ್ಯಾಯ ಐತಿ ಬಿಡು" ಅಂದಳು, ಹಾಗಲಕಾಯಿ ಕಚ್ಚಿದ ಮುಖ ಮಾಡಿಕೊಂಡು.

ಮೊಮ್ಮಗ ಬಂದ ಮೇಲೆ ನೋರಾ ತಮ್ಮ ಗಂಡನ ವಂಶದ ಬೇರು ಹುಡುಕಲು ಹೊರಟರು. ಹುಡುಗನಿಗೆ ತಾನು ಎಲ್ಲಿಂದ ಬಂದವನೆಂದು ಗೊತ್ತಿರಬೇಕಂತೆ. ವಾರಕ್ಕೊಮ್ಮೆ ರೈಲು ಹಿಡಿದು ಟೊರೊಂಟೊದ ದೊಡ್ಡ ಗ್ರಂಥಾಲಯಕ್ಕೆ ಹೋಗಿ, ಮಬ್ಬುಗತ್ತಲಲ್ಲಿ ಹಳೆಯ ದಾಖಲೆಗಳ ಮೈಕ್ರೋಫಿಲ್ಮ್ ಯಂತ್ರ ತಿರುಗಿಸುತ್ತ ಕೂರುತ್ತಿದ್ದರು. ಐರ್ಲೆಂಡಿನ ಪಾದ್ರಿಗಳಿಗೆ ಪತ್ರ ಬರೆಯುತ್ತಿದ್ದರು. ಸಿಕ್ಕಿದ್ದನ್ನೆಲ್ಲ ಸೊಸೆಗೆ ಫೋನಿನಲ್ಲಿ ಹೇಳುವರು, ಸೊಸೆ ಅದನ್ನು ಅಮ್ಮನಿಗೆ ಒಪ್ಪಿಸುವಳು, ಅಮ್ಮ ಅದನ್ನು ಹೊತ್ತುಕೊಂಡು ನಮ್ಮ ಮನೆಗೆ ಬರುವಳು.

ಒಂದು ದಿನ ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು. "ಕೇಳಿದ್ಯಾ? ಸ್ಮಿತ್ ಅಂದ್ರ ಖರೇ ಹೆಸರ ಅಲ್ಲಂತ. ಮೊದಲ ಮೆಗವನ್ ಅಂತ ಇತ್ತಂತ. ಕ್ಯಾವನ್ ಅನ್ನೂ ಜಿಲ್ಲಾದಾಗ ಇಂಗ್ಲಿಷರ ಕಾಲಕ್ಕ ಸ್ಮಿತ್ ಅಂತ ಮಾಡ್ಕೊಂಡಾರಂತ. ಅದರ ಅರ್ಥ ಏನ್ ಗೊತ್ತೇನು? ಕಮ್ಮಾರನ ಮಗ!"

"ಒಳ್ಳೇದೇ ಆಯ್ತಲ್ಲ. ಪತ್ತೆಯಾಯ್ತು" ಅಂದೆ.

"ಎರಡು ವರ್ಷ ಕತ್ತಲ ಕೋಣ್ಯಾಗ ಕುಂತು ಕಮ್ಮಾರ ಅಂತ ಪತ್ತೆ ಹಚ್ಚಿದ್ಲೇನು? ನಮ್ಮೂರಾಗ ಆದ್ರ ಕಮ್ಮಾರರ ಅಡ್ಡೆಸರ ಕಮ್ಮಾರ ಅಂತನ ಇರ್ತೈತಿ. ಬಾಗಲದಾಗ ಬರದಿರ್ತಾರ."

ಬಾಯಿ ಹೀಗೆ ಆಡುತ್ತಿತ್ತು, ಹೊಟ್ಟೆ ಬೇರೆಯೇ ಆಡುತ್ತಿತ್ತು. ಚಿತ್ರಾಳ ಮನೆಯಲ್ಲಿ ಒಮ್ಮೆ ಊಟಕ್ಕೆ ಸೇರಿದ್ದಾಗ ನೋರಾ ಎಲಿಗಾರ ಎಂದರೇನು ಎಂದು ಕೇಳಿದರು. ಗಿರಿಜವ್ವ ಒಂದು ಚೂರೂ ಅಳುಕದೆ, ಎಲೆತೋಟಗಳ ದೊಡ್ಡ ಎಸ್ಟೇಟ್ ಒಡೆಯರು ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ದಾನಪ್ಪನವರ ಅಜ್ಜ ನವಲಗುಂದದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ವೀಳ್ಯದೆಲೆ ಮಾರುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿದ್ದ ನಾನು ಮೇಜಿನಡಿ ಅವಳ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡು ಅನ್ನಕ್ಕೆ ಸಾರು ಹಾಕಿಕೊಂಡಳು.

ನಡುವೆ ನೋರಾಗೆ ಒಂದು ಪೆಟ್ಟು ಬಿತ್ತು. ಡಬ್ಲಿನ್ನಿನ ದಾಖಲೆಗಳ ಕಟ್ಟಡ 1922ರಲ್ಲಿ ಸುಟ್ಟು, ಹಳೆಯ ಜನಗಣತಿಯ ಬಹುಪಾಲು ಕಾಗದ ಬೂದಿಯಾಗಿತ್ತು. ಆ ಬೂದಿಯಾಚೆ ತಮ್ಮವರು ಯಾರೂ ಕಾಣುತ್ತಿಲ್ಲ ಎಂದು ಅವರು ಚಿತ್ರಾಳ ಮುಂದೆ ಕಣ್ಣೀರು ಹಾಕಿದರಂತೆ. "ಆಕಿ ಅತ್ಲು ಅಂದ ಕೂಡಲೆ ನನಗ ಬಾಯಾಗ ಸಕ್ಕರಿ ಹಾಕ್ದಂಗಾತು ನೋಡು" ಎಂದು ಗಿರಿಜವ್ವ ನನ್ನ ಮುಂದೆ ನಾಚಿಕೆಯಿಲ್ಲದೆ ಹೇಳಿದಳು. ಆ ಸಕ್ಕರೆ ಹೆಚ್ಚು ದಿನ ಬಾಳಲಿಲ್ಲ. ಹಳ್ಳಿಯ ಚರ್ಚಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದಾಗ ಬರೆದಿಟ್ಟ ಹೆಸರುಗಳು ಉಳಿದಿದ್ದವು. ಪಾದ್ರಿಯೊಬ್ಬರು ಅವನ್ನು ನಕಲು ಮಾಡಿ ಕಳಿಸಿದರು. ನೋರಾ ದೊಡ್ಡ ಹಾಳೆಯ ಮೇಲೆ ವಂಶವೃಕ್ಷ ಬರೆದು ಚೌಕಟ್ಟು ಹಾಕಿಸಿ ಮೊಮ್ಮಗನ ಕೋಣೆಗೆ ತಂದು ತೂಗುಹಾಕಿದರು.

ಬಲಗಡೆ ಸ್ಮಿತ್ತರು ಏಳು ತಲೆಮಾರು ಮೇಲಕ್ಕೆ ಹಬ್ಬಿದ್ದರು. ಎಡಗಡೆ ಚಿತ್ರಾ, ಅವಳ ಮೇಲೆ ದಾನಪ್ಪ ಮತ್ತು ಗಿರಿಜಾ. ಅದರ ಮೇಲೆ ಬಿಳಿ ಕಾಗದ.

ಆ ಬಿಳಿ ಕಾಗದ ಗಿರಿಜವ್ವನ ನಿದ್ದೆ ಕೆಡಿಸಿತು. ಎರಡು ವಾರ ತಡೆದಳು. ಆಮೇಲೆ ಒಂದು ಭಾನುವಾರ ಎಲ್ಲರೂ ಇದ್ದಾಗಲೇ ಚೌಕಟ್ಟು ಇಳಿಸಿ, ಗಾಜು ತೆಗೆದು, ಪೆನ್ಸಿಲಿನಲ್ಲಿ ನಿಜಲಿಂಗಪ್ಪ, ದಾನಪ್ಪ, ನಿಜಲಿಂಗಪ್ಪ, ದಾನಪ್ಪ ಎಂದು ಹಾಳೆಯ ತುದಿ ಮುಟ್ಟುವವರೆಗೆ ಬರೆದಳು. ಸ್ಮಿತ್ತರಿಗಿಂತ ಒಂದು ತಲೆಮಾರು ಮೇಲೆ ಹೋಗುವಂತೆ ನೋಡಿಕೊಂಡಳು.

ನೋರಾ ಕನ್ನಡಕ ಏರಿಸಿ, ಇದಕ್ಕೆ ಪುರಾವೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

"ಚಿತ್ರಾ, ನಿಮ್ಮ ಅತ್ತೀಗೆ ಹೇಳು. ನಮ್ಮ ಕಡೆ ಹೆಳವ ಅಂತ ಇರ್ತಾನ. ಎತ್ತಿನ ಮ್ಯಾಲ ಕುಂತು ಮನಿ ಬಾಗಲಿಗೆ ಬಂದು, ನಮ್ಮ ಹಿರೀಕರ ಹೆಸರೆಲ್ಲಾ ಒಂದೂ ಬಿಡದ ಹಾಡಿ ಹೇಳ್ತಾನ. ಅವಗ ಕಾಳು ಕೊಡ್ತೀವಿ, ಬಟ್ಟಿ ಕೊಡ್ತೀವಿ. ನಾವು ಮಷೀನ್ ತಿರುವೂದಿಲ್ಲ."

ಚಿತ್ರಾ ಇಂಗ್ಲಿಷಿಗೆ ತಿರುಗಿಸಿದಳು. ನೋರಾ ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಉತ್ಸಾಹದಿಂದ, ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮ್ಮಲ್ಲೂ ಉಂಟು, ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ಅದಕ್ಕೊಂದು ಕ್ರಮವಿದೆ ಎಂದು ವಿವರಿಸತೊಡಗಿದರು. ಗಿರಿಜವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಗೆದ್ದ ಸಂಭ್ರಮದಲ್ಲಿ ಗಾಜು ಒರೆಸುತ್ತಿದ್ದಳು. ಅವರಲ್ಲೂ ಸತ್ತವರ ಹೆಸರೇ ಇಡುವುದು ಎಂಬಷ್ಟು ಮಾತ್ರ ಅವಳ ತಲೆಯಲ್ಲಿ ಕೂತಿತು.

2003ಕ್ಕೆ ಚಿತ್ರಾ ಮತ್ತೆ ಬಸುರಿ. ಹೆಣ್ಣು ಎಂದು ಸ್ಕ್ಯಾನಿನಲ್ಲಿ ಹೇಳಿದರು. ಗಿರಿಜವ್ವನ ತಾಯಿ ನೀಲವ್ವ, ಇವಳಿಗೆ ಹನ್ನೊಂದು ವರ್ಷವಾಗಿದ್ದಾಗ ಹೋದವರು. ಆ ಹೆಸರು ಈ ಕೂಸಿಗೆ ಬರಲಿ ಎಂಬುದು ಅವಳ ಒಂದೇ ಆಸೆ. ಮೊದಲನೆಯದು ಅವರ ಪಾಲಿಗೆ ಹೋಯಿತು, ಇದು ತಪ್ಪಿದರೆ ತನ್ನ ಕಡೆಯ ಹೆಸರು ಈ ದೇಶದಲ್ಲಿ ಯಾರ ಬಾಯಲ್ಲೂ ಇರುವುದಿಲ್ಲ ಎಂಬ ಭಯವೂ ಇತ್ತು.

"ಚಿತ್ರಾಗೆ ಹೇಳು ಮತ್ತೆ" ಅಂದೆ.

"ನಾ ಯಾಕ ಕೇಳಲಿ? ಕೇಳಿ ಇಸಗೊಳ್ಳಾಕ ಅದೇನು ಕರಿಬೇವಾ?"

ಆ ವರ್ಷ ಮಾರ್ಚಿನಲ್ಲಿ ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬದ ಊಟಕ್ಕೆ ನೋರಾ ನಮ್ಮನ್ನೂ ಕರೆದಿದ್ದರು. ಮಾಂಸ ಮುಟ್ಟದ ಗಿರಿಜವ್ವನಿಗೆಂದು ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಎಲೆಕೋಸು ಬೇಯಿಸಿಟ್ಟಿದ್ದರು. ಊಟದ ನಡುವೆ ಎದ್ದು ನಿಂತರು. ಮುಖ ಕೆಂಪಗಾಗಿತ್ತು. ಸ್ಮಿತ್ತರ ಮನೆಯಲ್ಲಿ ಹಳೆಯ ಕಾಲದಿಂದ ಒಂದು ಕ್ರಮ ನಡೆದು ಬಂದಿದೆ, ಮೊದಲ ಗಂಡಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು, ಆದ್ದರಿಂದ ನಮ್ಮ ಪುಟ್ಟ ಹುಡುಗಿ ಗಿರಿಜಾ ಸ್ಮಿತ್ ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದೆವು. ಗಿರಿಜವ್ವ ಚಮಚ ಕೆಳಗಿಟ್ಟಳು.

"ಚಿತ್ರಾ, ನನ್ನ ಕೋಟ್ ಕೊಡು."

ಕಾರು ಹತ್ತಿ ಬಾಗಿಲು ಧಡ್ ಎಂದು ಹಾಕಿಕೊಂಡಳು. "ನಾ ಇನ್ನೂ ಬದುಕೀನಿ ವಸಂತಾ! ನಿನ್ನ ಕಣ್ಣ ಮುಂದ ಉಸರಾಡಾಕತ್ತೀನಿ. ಎಲ್ಲಾರ ಮುಂದ ನಿಂತು ನನ್ನ ಸತ್ತವರ ಸಾಲಿನಾಗ ಕುಂದ್ರಿಸಿದ್ಲು. ಆಕಿ ಗಂಡ ಸತ್ತ, ಹೆಸರಿಟ್ರು. ಈಗ ನಂದ ಪಾಳಿ ಅಂತ ಹೇಳಿದ್ಲೇನು?"

"ಅಯ್ಯೋ, ಅವರಲ್ಲಿ ಬದುಕಿರೋರ ಹೆಸರೂ ಇಡ್ತಾರೆ ಕಣೇ. ಗೌರವಕ್ಕೆ ಇಡೋದು."

"ಹಂಗಾರ ತನ್ನ ಹೆಸರು ಇಡ್ಲಿ! ಆಕಿನೂ ಬದುಕ್ಯಾಳಲ್ಲ? ನಂದ ಯಾಕ ಬೇಕಾತು?"

ನಾನು ಕಾರು ಹೊರಡಿಸಿದೆ.

ಅಂದಿನಿಂದ ಅವಳು ಮಗಳ ಫೋನು ಎತ್ತಲಿಲ್ಲ. ಚಿತ್ರಾ ಮನೆಗೇ ಬಂದು ಬಾಗಿಲಲ್ಲಿ ನಿಂತು, "ಅವ್ವಾ, ಪ್ಲೀಸ್, ಶಿ ಮೆಂಟ್ ಇಟ್ ವೆಲ್" ಎಂದು ಅತ್ತಳು. "ಒಳಗ ಬಾ, ಉಂಡು ಹೋಗು, ಹೆಸರಿನ ಮಾತು ತಗೀಬ್ಯಾಡ" ಎಂದು ಉಣಿಸಿ ಕಳಿಸಿದಳು. ಮೇ ತಿಂಗಳಲ್ಲಿ ಕೂಸು ಹುಟ್ಟಿತು. ಆಗ ಊರೆಲ್ಲ ಸಾರ್ಸ್ ಕಾಯಿಲೆಯ ಹೆದರಿಕೆ, ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಅಜ್ಜಿ ಹೋಗದಿದ್ದದ್ದು ಹೊರಗಿನವರಿಗೆ ತಿಳಿಯಲಿಲ್ಲ. ಮಗು ಮನೆಗೆ ಬಂದ ಮೇಲೂ ಹೋಗಲಿಲ್ಲ ನೋಡಿ, ಅದು ತಿಳಿಯಿತು. ಅವ್ವ ಒಪ್ಪದೆ ಹೆಸರಿಡುವುದಿಲ್ಲ ಎಂದು ಚಿತ್ರಾ ಹಟ ಹಿಡಿದಳು. ಮಗುವನ್ನು ಸುಮ್ಮನೆ ಬೇಬಿ ಅನ್ನುತ್ತಿದ್ದರು.

ಗಿರಿಜವ್ವ ಸೊರಗಿದಳು. ನಮ್ಮ ಮನೆಗೆ ಬಂದು ಗಡಿಯಾರ ನೋಡುತ್ತ ಕೂರುವಳು. "ಈಗ ಎರಿಯೂ ಹೊತ್ತು. ಆಕಿ ಎರೀತಿರ್ತಾಳ. ಕೂಸಿಗೆ ಎಣ್ಣಿ ಹಚ್ಚಿ ತಿಕ್ಕೂದು ಆಕಿಗೇನ್ ಗೊತ್ತು?" ಎನ್ನುವಳು. ಇನ್ನೊಂದು ದಿನ, "ಕೂಸು ಈಗ ಮುಖ ಗುರುತು ಹಿಡೀತಿರ್ತೈತಿ. ಆಕಿ ಮುಖನ ಹಿಡೀತೈತಿ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗಿ ಎತ್ತಿಕೊಳ್ಳಬಹುದಿತ್ತು, ಕಾರಿನಲ್ಲಿ ಹತ್ತು ನಿಮಿಷದ ದಾರಿ. ಹೋದರೆ ಸೋತ ಹಾಗೆ ಎಂದು ಕೂತಿದ್ದಳು. ನನಗೆ ರೇಗಿಹೋಯಿತು. ಅವಳಿಗೆ ಒಂದು ಮಾತೂ ಹೇಳದೆ ಕಾರು ತೆಗೆದುಕೊಂಡು ನೋರಾ ಮನೆಗೆ ಹೋದೆ.

ನೋರಾಗೆ ಬೀಗತಿಯ ಸಿಟ್ಟು ಗೊತ್ತಿತ್ತೇ ಹೊರತು ಕಾರಣ ಗೊತ್ತಿರಲಿಲ್ಲ. ಚಿತ್ರಾಗೂ ಪೂರ್ತಿ ಗೊತ್ತಿರಲಿಲ್ಲ. ಅವರ ಕಡೆ ತೀರಿಹೋದವರ ಹೆಸರನ್ನೇ ಇಡುವುದು, ಬದುಕಿರುವವಳ ಹೆಸರು ಇಡುತ್ತೇವೆಂದರೆ ನೀನು ಹೊರಡು ಎಂದ ಹಾಗೆ ಅವಳಿಗೆ ಕೇಳಿಸಿತು ಎಂದು ನಾನು ಬಿಡಿಸಿ ಹೇಳಿದೆ. ನೋರಾ ಕೆನ್ನೆಗೆ ಕೈ ಒತ್ತಿಕೊಂಡು ಕೂತುಬಿಟ್ಟರು.

"ಅಯ್ಯೋ ದೇವರೇ" ಅಂದರು ಇಂಗ್ಲಿಷಿನಲ್ಲಿ. ಆಮೇಲೆ "ನಾನು ಅವರಿಗೆ ಏನು ಬಿಟ್ಟುಕೊಟ್ಟೆ ಅಂತ ನಿಮಗೆ ಗೊತ್ತಾ ವಸಂತಾ?" ಎಂದು ಕೇಳಿದರು.

ಅವರಿಗೆ ಮಗುವಿಗೆ ತಮ್ಮ ಹೆಸರು ಇಡಿಸುವ ಆಸೆಯಿತ್ತಂತೆ. ಬಾಯಿಬಿಟ್ಟು ಕೇಳಲು ನಾಚಿಕೆ. ಹಳೆಯ ಹೆಸರುಗಳಲ್ಲಿ ಎಲ್ಲಾದರೂ ಒಂದು ಕಡೆ ಮೊದಲ ಹೆಣ್ಣಿಗೆ ತಂದೆಯ ತಾಯಿಯ ಹೆಸರು ಬಂದಿದ್ದರೆ ಸಾಕು, ಅದನ್ನು ತೋರಿಸಿ ಇದೇ ನಮ್ಮ ಮನೆಯ ಪದ್ಧತಿ ಅನ್ನಬಹುದಿತ್ತು. ಚಳಿಗಾಲವಿಡೀ ಅದನ್ನೇ ಹುಡುಕಿದರಂತೆ. ಯಾವ ತಲೆಮಾರಿನಲ್ಲೂ ಸಿಗಲಿಲ್ಲ. ಎಲ್ಲಿ ನೋಡಿದರೂ ತಾಯಿಯ ತಾಯಿ.

"ಎರಡನೆಯ ಹುಡುಗಿಗೆ ನನ್ನ ಹೆಸರು. ಚಿತ್ರಾ ಇನ್ನು ಸಾಕು ಅಂದಿದ್ದಾಳೆ" ಅಂದರು. "ಆವತ್ತು ಎದ್ದು ನಿಂತು ಹೇಳೋ ಮೊದಲು ಅಡುಗೆಮನೆಯಲ್ಲಿ ಅತ್ತಿದ್ದೆ. ಗಿರಿಜಾ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಅಂತ ಹೇಳೋಕಾಗಲ್ಲ."

ನಾನು ಅಲ್ಲಿಂದ ನೇರ ಗಿರಿಜವ್ವನ ಮನೆಗೆ ಬಂದೆ. ಅವಳು ಯಾರದೋ ಗೌನಿನ ಅಂಚು ಮಡಿಸುತ್ತ ಬಾಯಿ ತುಂಬ ಗುಂಡುಪಿನ್ನು ಇಟ್ಟುಕೊಂಡಿದ್ದಳು. ನೋರಾ ಹೇಳಿದ್ದನ್ನೆಲ್ಲ ಹೇಳಿದೆ. ಎಂಥ ದೊಡ್ಡ ಮನಸ್ಸು ನೋಡು, ತಮ್ಮ ಆಸೆ ನುಂಗಿಕೊಂಡು ನಿನಗೆ ಬಿಟ್ಟುಕೊಟ್ಟರು ಎಂದು ಸ್ವಲ್ಪ ಉಪದೇಶವನ್ನೂ ಸೇರಿಸಿದೆ. ಉಪದೇಶ ಅವಳ ಕಿವಿಗೆ ಬೀಳಲೇ ಇಲ್ಲ. ಗುಂಡುಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

"ಆಕಿಗೆ ಹೊಟ್ಟಿ ಉರೀತಂತಾ?"

"ಉರೀತಂತೆ."

"ನನ್ನ ಮ್ಯಾಲ?"

"ನಿನ್ನ ಮೇಲೇ."

"ಖರೇ ಹೇಳು. ಆಕಿನ ಅಂದ್ಲೋ, ನೀ ಅಂದ್ಕೊಂಡ್ಯೋ?"

"ಅವರ ಬಾಯಿಂದಲೇ ಬಂತು ಕಣೇ."

ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ದಾನಪ್ಪನವರು ಹೋದ ಮೇಲೆ ಆ ಕಳೆ ನಾನು ಕಂಡಿರಲಿಲ್ಲ. "ಪಾಪ" ಅಂದಳು, ತುಂಬ ತೃಪ್ತಿಯಿಂದ. "ಚಳಿಗಾಲೆಲ್ಲಾ ಹುಡುಕಿದ್ಲಂತ, ಪಾಪ." ಗೌನು ಪಕ್ಕಕ್ಕೆ ತಳ್ಳಿ ಎದ್ದಳು. "ನಡಿ, ಕಾರ್ ತಗಿ. ಕೂಸಿನ ನೋಡೂಣು."

"ಹೆಸರು?"

"ಇಡ್ಲಿ ಬಿಡು. ಹೆಸರಿಟ್ರ ಸಾಯೂದಾಗಿದ್ರ ಅವರ ದೇಶದಾಗ ಒಬ್ಬಾಕಿ ಮುದುಕಿ ಉಳೀತಿದ್ದಿಲ್ಲ."

ನೀಲವ್ವನ ಮಾತು ಏನಾಯಿತು ಎಂದು ಕೇಳಬೇಕೆಂದಿದ್ದೆ. ಕಾರಿನಲ್ಲಿ ಅವಳೇ ಹೇಳಿದಳು. ನೋರಾ ಆಸೆಪಟ್ಟ ಜಾಗ ತನಗೆ ಸಿಕ್ಕಿದೆ, ಅದನ್ನು ಸತ್ತ ತಾಯಿಗೂ ಬಿಟ್ಟುಕೊಡುವುದಿಲ್ಲವಂತೆ. ಅವ್ವ ಬೈಯುವುದಿಲ್ಲ, ನಗುತ್ತಾಳೆ ಅಂದಳು.

ಆಗಸ್ಟಿನಲ್ಲಿ ಚಿತ್ರಾಳ ಬೇಸ್‌ಮೆಂಟಿನಲ್ಲಿ ತೊಟ್ಟಿಲ ಶಾಸ್ತ್ರವಾಯಿತು. ಇಬ್ಬರು ಅಜ್ಜಿಯರೂ ಗಂಡ ಸತ್ತವರು ಎಂದು ಮೂಗು ಮುರಿಯುವ ಧೈರ್ಯ ಯಾರಿಗೂ ಬರಲಿಲ್ಲ. ಗಿರಿಜವ್ವ ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡುತ್ತಿದ್ದಳು. ಅವಳ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಅಪ್ಪನ ಅಕ್ಕ ಅಥವಾ ತಂಗಿ. ಬ್ರೆಂಡನ್‌ಗೆ ಅಕ್ಕತಂಗಿಯರಿಲ್ಲ. ಹಾಗಾದರೆ ಗಿರಿಜವ್ವನೇ ಹೇಳಲಿ ಎಂದು ನಾವೆಲ್ಲ ಅಂದೆವು. ಅವಳು ಹಿಂದೆ ಸರಿದಳು.

"ಅದು ಅಪ್ಪನ ಮನಿಯವರ ಹಕ್ಕು. ಬೀಗತಿ ಹೇಳ್ಲಿ."

ಅದು ಔದಾರ್ಯವೋ, ಅಥವಾ ನೋರಾ ಬಾಯಿಂದಲೇ ತನ್ನ ಹೆಸರು ಹೇಳಿಸುವ ಹಟವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೋರಾ ತೊಟ್ಟಿಲ ಮೇಲೆ ಬಾಗಿ, ಅಂಗೈ ಅಡ್ಡ ಹಿಡಿದು, ಮಗುವಿನ ಕಿವಿಯಲ್ಲಿ ಪಿಸುಗುಟ್ಟಿದರು. ಬಹಳ ಹೊತ್ತು ಪಿಸುಗುಟ್ಟಿದರು. ತೊಟ್ಟಿಲ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಎಲ್ಲ ಕೇಳಿಸಿತು.

ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಗಿರಿಜವ್ವ ನನ್ನ ಮೊಣಕೈ ಹಿಡಿದು ಮೂಲೆಗೆ ಎಳೆದಳು.

"ಅಷ್ಟೊತ್ತು ಏನ್ ಹೇಳಿದ್ಲು ಆಕಿ?"

"ಗಿರಿಜಾ ಅಂತ."

"ಗಿರಿಜಾ ಅನ್ನಾಕ ಅಷ್ಟೊತ್ತು ಬೇಕೇನು?"

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅದಾದ ಮೇಲೆ ತನ್ನ ಹೆಸರೂ ಹೇಳಿದರು. ಮೆತ್ತಗೆ" ಅಂದೆ.

ಗಿರಿಜವ್ವನ ಕೈಯಲ್ಲಿದ್ದ ಸೌಟು ನಿಂತಿತು. ಹೊರಗೆ ನೋರಾ ಮಗುವನ್ನು ಎತ್ತಿಕೊಂಡು ಯಾರಿಗೋ ತೋರಿಸುತ್ತಿದ್ದರು. ಇವಳು ಬಾಗಿಲ ಸಂದಿಯಿಂದ ಅವರನ್ನೇ ನೋಡಿದಳು.

"ಮೊದಲ ಯಾರದು ಹೇಳಿದ್ಲು?"

"ನಿಂದೇ."

"ಹಂಗಾರ ಇರ್ಲಿ ಬಿಡು" ಅಂದಳು. ತಟ್ಟೆಯೊಂದಕ್ಕೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಬೀಗತಿಗೆಂದು ತಾನೇ ಹೊತ್ತುಕೊಂಡು ಹೋದಳು.